ನಿಮ್ಮದೇ ರಕ್ತ, ನಿಮ್ಮದೇ ಮಂಡಿ: ಪಿಆರ್‌ಪಿ ಇಂಜೆಕ್ಷನ್ ನಡೆದು ಬಂದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಪ್ಲೇಟ್‌ಲೆಟ್ ಅನ್ನೋ ಪದ ನಮ್ಮಲ್ಲಿ ಬಹಳ ಜನಕ್ಕೆ ಪರಿಚಯ ಆಗಿದ್ದು ಡೆಂಗಿಯಿಂದ. ಮಳೆಗಾಲ ಶುರುವಾಯ್ತು ಅಂದ್ರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ "ಕೌಂಟ್ ಎಷ್ಟಿದೆ?" ಅಂತ ಮೆಸೇಜು, ಅದರ ಹಿಂದೆಯೇ ಪಪ್ಪಾಯಿ ಎಲೆ ರಸದ ಸಲಹೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ಇದ್ರೆ ಸರಿ, ಕಡಿಮೆಯಾದ್ರೆ ಗಾಬರಿ. ಹಾಗಾಗಿ ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ: ಪ್ಲೇಟ್‌ಲೆಟ್ ಜಾಸ್ತಿ ಇದ್ದಷ್ಟೂ ಒಳ್ಳೇದು.

ಇದೇ ಲೆಕ್ಕವನ್ನು ನಂಬಿಕೊಂಡ ಇನ್ನೊಂದು ವ್ಯವಹಾರ ಈಗ ಜೋರಾಗಿದೆ. ಪಿಆರ್‌ಪಿ, ಅಂದ್ರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ. ನಿಮ್ಮ ತೋಳಿನಿಂದ ಸ್ವಲ್ಪ ರಕ್ತ ತೆಗೀತಾರೆ, ಯಂತ್ರದಲ್ಲಿ ಗಿರಗಿರ ತಿರುಗಿಸ್ತಾರೆ, ಪ್ಲೇಟ್‌ಲೆಟ್ ದಟ್ಟವಾಗಿರೋ ಭಾಗವನ್ನು ಸಿರಿಂಜಿಗೆ ಎಳೆದು ವಾಪಸ್ ನಿಮಗೇ ಚುಚ್ಚುತ್ತಾರೆ. ತಲೆಕೂದಲಿಗೆ, ಮುಖಕ್ಕೆ, ಭುಜಕ್ಕೆ, ಮಂಡಿಗೆ. ಮಂಡಿ ಸವೆದ ಅರವತ್ತರ ಅಜ್ಜಿಗೆ ಮಾತ್ರ ಇದು ಅಂದ್ಕೋಬೇಡಿ. ಸ್ಕ್ವಾಟ್ ಮಾಡುವಾಗ ಮಂಡಿ ಕಟಕಟ ಅನ್ನುತ್ತೆ ಅಂತ ಹೋದ ಇಪ್ಪತ್ತೈದರ ಹುಡುಗನಿಗೂ, ಮ್ಯಾರಥಾನಿಗೆ ತಯಾರಾಗ್ತಿರೋ ಹುಡುಗಿಗೂ ಈ ಹೆಸರು ಕಿವಿಗೆ ಬೀಳುತ್ತೆ. ಜೊತೆಗೆ ಒಂದು ಸಮಾಧಾನದ ಮಾತೂ ಸಿಗುತ್ತೆ: "ನಿಮ್ಮದೇ ರಕ್ತ ತಾನೇ, ಸೈಡ್ ಎಫೆಕ್ಟ್ ಏನಿರುತ್ತೆ?"

ಇವತ್ತು ಈ ಒಂದು ವಾಕ್ಯವನ್ನೇ ಹಿಡ್ಕೊಂಡು ನೂರನಲವತ್ತು ವರ್ಷ ಹಿಂದಕ್ಕೆ ಹೋಗೋಣ. ರೋಗ ಬಂದ ಕೀಲಿಗೆ ಪಿಆರ್‌ಪಿ ಏನು ಮಾಡುತ್ತೆ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಚೆನ್ನಾಗಿರೋ ಕೀಲಿಗೆ, ಅದರೊಳಗಿನ ಆರೋಗ್ಯವಾಗಿರೋ ಪದರಗಳಿಗೆ ಇದು ಏನು ಮಾಡುತ್ತೆ? ಈ ಪ್ರಶ್ನೆ ತುಂಬಾ ತಡವಾಗಿ ಬಂತು. ಯಾಕೆ ತಡವಾಯ್ತು ಅನ್ನೋದೇ ಇವತ್ತಿನ ಕಥೆ.

1880ರ ದಶಕದ ಆರಂಭ, ಇಟಲಿಯ ಟೂರಿನ್ ನಗರ. ಜೂಲಿಯೊ ಬಿಜ್ಜೊಜೆರೊ ಅನ್ನೋ ವಿಜ್ಞಾನಿ ಸಣ್ಣ ಪ್ರಾಣಿಗಳ ರಕ್ತನಾಳಗಳನ್ನು ಜೀವಂತವಾಗಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಇದ್ದ. ಕೆಂಪು ಕಣ, ಬಿಳಿ ಕಣಗಳ ನಡುವೆ ಹರಿಯೋ ಪುಟ್ಟ ತಟ್ಟೆಯಂಥ ವಸ್ತುಗಳನ್ನು ಅವನಿಗಿಂತ ಮುಂಚೆಯೇ ಕೆಲವರು ಕಂಡಿದ್ದರು. ಆದ್ರೆ ಅವು ಏನು ಕೆಲಸ ಮಾಡ್ತವೆ ಅಂತ ಸರಿಯಾಗಿ ಹಿಡಿದವನು ಬಿಜ್ಜೊಜೆರೊ. ನಾಳಕ್ಕೆ ಏಟು ಬಿದ್ದ ಕೂಡಲೇ ಈ ತಟ್ಟೆಗಳು ಅಲ್ಲಿಗೆ ಅಂಟಿಕೊಳ್ತವೆ, ಒಂದಕ್ಕೊಂದು ಕೂಡಿಕೊಂಡು ಮುಚ್ಚಳ ಹಾಕ್ತವೆ. ಗಾಯ ಇಲ್ಲದ ಕಡೆ? ಸುಮ್ಮನೆ ಹರಿದು ಹೋಗ್ತವೆ, ಅಷ್ಟೆ. ನಮ್ಮ ದೇಹದಲ್ಲಿ ಒಂದು ಪ್ಲೇಟ್‌ಲೆಟ್‌ನ ಆಯುಸ್ಸು ಸುಮಾರು ಎಂಟು-ಹತ್ತು ದಿನ. ಬಹುತೇಕ ಪ್ಲೇಟ್‌ಲೆಟ್‌ಗಳು ತಮ್ಮ ಚೀಲ ಬಿಚ್ಚದೆಯೇ ಸತ್ತುಹೋಗ್ತವೆ. ಅವು ಬಿಚ್ಚಿಕೊಂಡವು ಅಂದ್ರೆ ಅಕ್ಕಪಕ್ಕದ ಕೋಶಗಳಿಗೆ ಅದರ ಅರ್ಥ ಒಂದೇ: ಇಲ್ಲಿ ಗಾಯ ಆಗಿದೆ. ಈ ಸಂಗತಿ ನೆನಪಿನಲ್ಲಿರಲಿ.

ಆ ಚೀಲದಲ್ಲಿ ಏನಿದೆ ಅಂತ ಗೊತ್ತಾಗೋಕೆ ತೊಂಬತ್ತು ವರ್ಷ ಬೇಕಾಯ್ತು. 1974ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಒಂದು ಚೊಕ್ಕ ಪ್ರಯೋಗ ಮಾಡಿದರು. ಮಂಗದ ರಕ್ತನಾಳದ ಗೋಡೆಯ ಸ್ನಾಯುಕೋಶಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ, ಅಂದ್ರೆ ಸೀರಮ್. ಇನ್ನೊಂದಕ್ಕೆ, ಹೆಪ್ಪುಗಟ್ಟೋ ಮೊದಲೇ ಪ್ಲೇಟ್‌ಲೆಟ್ ತೆಗೆದುಹಾಕಿದ ಪ್ಲಾಸ್ಮಾದಿಂದ ಮಾಡಿದ ತಿಳಿ. ಮೊದಲ ಗುಂಪಿನ ಕೋಶಗಳು ಒಂದೆರಡಾಗಿ, ಎರಡು ನಾಲ್ಕಾಗಿ ಬೆಳೆದವು. ಎರಡನೇ ಗುಂಪು ಹೆಚ್ಚುಕಡಿಮೆ ಹಾಗೇ ಕೂತಿತು. ವ್ಯತ್ಯಾಸ ಪ್ಲೇಟ್‌ಲೆಟ್ ಸುರಿದದ್ದರಲ್ಲಿತ್ತು. ಮುಂದೆ ಆ ವಸ್ತುವನ್ನು ಬೇರ್ಪಡಿಸಿ ಪಿಡಿಜಿಎಫ್ ಅಂತ ಕರೆದರು. ಬೆಳವಣಿಗೆಗೆ ಪ್ರಚೋದನೆ ಕೊಡೋ ಇಂಥ ಪ್ರೋಟೀನುಗಳನ್ನೇ ಗ್ರೋತ್ ಫ್ಯಾಕ್ಟರ್ ಅನ್ನೋದು. ಟಿಜಿಎಫ್-ಬೀಟಾ, ವಿಇಜಿಎಫ್ ಹೀಗೆ ಪ್ಲೇಟ್‌ಲೆಟ್ ಚೀಲದಲ್ಲಿ ಇನ್ನೂ ಹಲವು ಇವೆ.

ಇಲ್ಲಿ ಸ್ವಲ್ಪ ನಿಲ್ಲಿ. ಜಾಹೀರಾತುಗಳಲ್ಲಿ ಎಂದೂ ಬಾರದ ಒಂದು ವಿಷಯ ಇದೆ. ರಾಸ್ ಹುಡುಕ್ತಾ ಇದ್ದದ್ದು ಔಷಧಿಯನ್ನಲ್ಲ! ಅವರು ಅಧ್ಯಯನ ಮಾಡ್ತಿದ್ದದ್ದು ಹೃದಯಾಘಾತಕ್ಕೆ ಕಾರಣವಾಗೋ, ರಕ್ತನಾಳ ದಪ್ಪಗಾಗಿ ಕಟ್ಟಿಕೊಳ್ಳೋ ಕಾಯಿಲೆಯನ್ನು. ನಾಳದ ಒಳಪದರಕ್ಕೆ ಪೆಟ್ಟಾಗುತ್ತೆ, ಪ್ಲೇಟ್‌ಲೆಟ್ ಬಂದು ಅಂಟುತ್ತೆ, ಅದು ಸುರಿದ ಗ್ರೋತ್ ಫ್ಯಾಕ್ಟರ್‌ನಿಂದ ಸ್ನಾಯುಕೋಶಗಳು ಬೇಡದ ಕಡೆ ಬೆಳೆಯುತ್ತವೆ ಅನ್ನೋದು ಅವರ ವಾದವಾಗಿತ್ತು. ಅಂದ್ರೆ ಇವತ್ತು ನಾವು "ಹೀಲಿಂಗ್" ಅಂತ ಹಣ ಕೊಟ್ಟು ಚುಚ್ಚಿಸಿಕೊಳ್ಳೋ ಅದೇ ವಸ್ತು ವಿಜ್ಞಾನದ ಪುಟಕ್ಕೆ ಮೊದಲು ಬಂದದ್ದು ಒಂದು ರೋಗದ ಆರೋಪಿಯಾಗಿ. ಬೆಳೆಸೋ ಶಕ್ತಿ ಇದೆ ನಿಜ. ಎಲ್ಲಿ ಬೆಳೆಸಬೇಕು ಅನ್ನೋ ವಿಳಾಸ ಅದರ ಹತ್ತಿರ ಇಲ್ಲ.

ಆಮೇಲಿನ ಇಪ್ಪತ್ತೈದು ವರ್ಷ ಬೇಗ ಹೇಳಿಬಿಡ್ತೀನಿ. 1986ರಲ್ಲಿ ಮಿನ್ನೆಸೋಟದ ಡೇವಿಡ್ ನೈಟನ್, ವರ್ಷಗಟ್ಟಲೆ ವಾಸಿಯಾಗದ ಕಾಲಿನ ಹುಣ್ಣುಗಳಿಗೆ ರೋಗಿಯದೇ ಪ್ಲೇಟ್‌ಲೆಟ್‌ನಿಂದ ತೆಗೆದ ದ್ರವ ಹಚ್ಚಿ, ಹುಣ್ಣು ಮುಚ್ಚಿತು ಅಂತ ವರದಿ ಮಾಡಿದರು. 1987ರಲ್ಲಿ ಇಟಲಿಯ ಹೃದಯ ಶಸ್ತ್ರಚಿಕಿತ್ಸಕರು ರಕ್ತ ಉಳಿಸೋ ಉದ್ದೇಶದಿಂದ ಆಪರೇಷನ್ ಥಿಯೇಟರಿನಲ್ಲೇ ಪಿಆರ್‌ಪಿ ತಯಾರಿಸೋ ವಿಧಾನ ಬರೆದರು. 1998ರಲ್ಲಿ ಮಯಾಮಿಯ ರಾಬರ್ಟ್ ಮಾರ್ಕ್ಸ್ ದವಡೆ ಮೂಳೆಯ ದೊಡ್ಡ ಭಾಗವೇ ಇಲ್ಲದ 88 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮೂಳೆ ಕಸಿಗೆ ಪಿಆರ್‌ಪಿ ಸೇರಿಸಿ, ಆ ಗುಂಪಿನಲ್ಲಿ ಮೂಳೆ ಬೇಗ ಗಟ್ಟಿಯಾಯ್ತು ಅಂದರು. ಹಲ್ಲಿನ ಡಾಕ್ಟರುಗಳು ಇದನ್ನು ಕಣ್ಣಿಗೊತ್ತಿಕೊಂಡರು. ಸ್ಪೇನಿನ ವಿಟೋರಿಯಾದಲ್ಲಿ ಎಡ್ವಾರ್ಡೊ ಅನಿತುವಾ 1999ರಲ್ಲಿ ದಂತ ಇಂಪ್ಲಾಂಟಿಗೆ ಇಂಥದ್ದೇ ಒಂದು ತಯಾರಿಕೆ ಬಳಸಿದರು.

ಗಮನಿಸಿದ್ರಾ? ಹುಣ್ಣು, ಎದೆ ಸೀಳಿದ ಗಾಯ, ತುಂಡಾದ ದವಡೆ, ಹಲ್ಲು ಕಿತ್ತ ಗುಂಡಿ. ಎಲ್ಲವೂ ಗಾಯವೇ. ಪ್ಲೇಟ್‌ಲೆಟ್ ಹೇಗೂ ಬರಬೇಕಾದ ಜಾಗಕ್ಕೇ ಇನ್ನೊಂದಿಷ್ಟು ಪ್ಲೇಟ್‌ಲೆಟ್ ತಂದು ಹಾಕಿದ್ರು. ಅದರಲ್ಲಿ ಒಂದು ತರ್ಕ ಇದೆ, ನನಗೆ ಒಪ್ಪಿಗೆಯೂ ಇದೆ. ಕಥೆ ತಿರುಗೋದು ಇದು ಕೀಲಿನೊಳಗೆ ಕಾಲಿಟ್ಟಾಗ.

2003ರಲ್ಲಿ ಅದೇ ವಿಟೋರಿಯಾದ ತಂಡ, ಹದಿಹರೆಯದ ಒಬ್ಬ ಫುಟ್‌ಬಾಲ್ ಆಟಗಾರನ ಮಂಡಿಯಲ್ಲಿ ಕಿತ್ತುಬಂದಿದ್ದ ಕಾರ್ಟಿಲೇಜ್ ತುಂಡನ್ನು ವಾಪಸ್ ಕೂರಿಸಿ, ಪ್ಲೇಟ್‌ಲೆಟ್ ದ್ರವ ಹಾಕಿದ ವರದಿ ಪ್ರಕಟಿಸಿತು. ಅದೂ ಗಾಯಕ್ಕೇ ಅನ್ನಿ. ಆದ್ರೆ ಬಾಗಿಲು ತೆರೆದುಕೊಂಡಿತು.

ಕೀಲು ಅನ್ನೋದು ವಿಚಿತ್ರ ಜಾಗ. ಮೂಳೆಯ ತುದಿಯಲ್ಲಿ ಹೊಳಪಾದ, ಜಾರುವ ಕಾರ್ಟಿಲೇಜ್ ಇದೆಯಲ್ಲ, ಅದರಲ್ಲಿ ರಕ್ತನಾಳ ಇಲ್ಲ, ನರ ಇಲ್ಲ. ಸುತ್ತ ಸೈನೋವಿಯಂ ಅನ್ನೋ ತೆಳು ಪೊರೆ. ಅದು ಒಸರುವ, ಮೊಟ್ಟೆಯ ಬಿಳಿಯಂಥ ಲೋಳೆ ದ್ರವವೇ ಕಾರ್ಟಿಲೇಜಿಗೆ ಎಣ್ಣೆಯೂ ಹೌದು, ಊಟವೂ ಹೌದು. ಇಡೀ ಮಂಡಿಯಲ್ಲಿ ಆ ದ್ರವ ಇರೋದು ಕೆಲವೇ ಮಿಲಿಲೀಟರ್. ಕಾರ್ಟಿಲೇಜ್ ಒಮ್ಮೆ ಹಾಳಾದ್ರೆ ತಾನಾಗಿ ಸರಿಹೋಗಲ್ಲ ಅನ್ನೋದು ವೈದ್ಯರಿಗೆ ಶತಮಾನಗಳಿಂದ ಗೊತ್ತು. 1743ರಲ್ಲೇ ವಿಲಿಯಂ ಹಂಟರ್ ಲಂಡನ್ನಿನಲ್ಲಿ ಇದರ ಬಗ್ಗೆ ಬರೆದಿದ್ದ.

ಇದನ್ನು ನೋಡಿ ಒಂದು ಸುಲಭದ ಆಲೋಚನೆ ಹುಟ್ಟೋದು ಸಹಜ: ರಕ್ತ ಇಲ್ಲದ್ದಕ್ಕೇ ವಾಸಿಯಾಗ್ತಿಲ್ಲ, ಹಾಗಾದ್ರೆ ರಕ್ತದ ಸಾರವನ್ನೇ ತಂದು ಸುರಿಯೋಣ. ಬಾವಿ ಬತ್ತಿದ ತೋಟಕ್ಕೆ ಟ್ಯಾಂಕರ್ ನೀರು ತಂದ ಹಾಗೆ. ಆದ್ರೆ ಕಾರ್ಟಿಲೇಜ್ ಬತ್ತಿದ ತೋಟ ಅಲ್ಲವಲ್ಲ. ರಕ್ತ ಇಲ್ಲದೆ ಬಾಳೋಕೆ ಅಂತಲೇ ಆಗಿರೋ ಅಂಗಾಂಶ ಅದು.

ಇದಕ್ಕೆ ಸಾಕ್ಷಿ ಬೇಕಾ? ಹಿಮೊಫಿಲಿಯಾ ಇರುವವರನ್ನು ಕೇಳಿ. ರಕ್ತ ಹೆಪ್ಪುಗಟ್ಟಿಸೋ ಒಂದು ಅಂಶದ ಕೊರತೆಯಿಂದ ಬರೋ ಹುಟ್ಟುಕಾಯಿಲೆ ಅದು. ಹೊರಗೆ ಕಾಣೋ ಗಾಯ ಇಲ್ಲದಿದ್ರೂ ಮಂಡಿ, ಮೊಣಕೈ, ಪಾದದ ಕೀಲಿನೊಳಗೆ ರಕ್ತ ಸೋರುತ್ತೆ. ಮತ್ತೆ ಮತ್ತೆ ಸೋರಿದ್ರೆ ಸೈನೋವಿಯಂ ಊದಿಕೊಳ್ಳುತ್ತೆ, ಕಾರ್ಟಿಲೇಜ್ ಕರಗುತ್ತೆ, ಚಿಕ್ಕ ವಯಸ್ಸಿನಲ್ಲೇ ಕೀಲು ಮಡಚೋಕಾಗದ ಹಾಗೆ ಬಿಗಿದುಹೋಗುತ್ತೆ. ನಮ್ಮ ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇದೆ. ಅಲ್ಲಿಗೆ ಬರುವವರ ಕಷ್ಟದ ದೊಡ್ಡ ಪಾಲು ಈ ಕೀಲುಗಳದ್ದೇ. ಅವರ ಕೀಲು ಹಾಳು ಮಾಡಿದ್ದು ಯಾರ ರಕ್ತ? ಅವರದೇ ರಕ್ತ. "ನಿಮ್ಮದೇ ರಕ್ತ ತಾನೇ" ಅನ್ನೋ ಸಮಾಧಾನಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಒಂದು ಸಂಶೋಧಕರ ತಂಡ 1990ರ ದಶಕದಿಂದ ಇದರ ಬೆನ್ನು ಹತ್ತಿತು. ಮನುಷ್ಯರ ಕಾರ್ಟಿಲೇಜ್ ಚೂರುಗಳನ್ನು ರಕ್ತದ ಜೊತೆ ಕೆಲವೇ ದಿನ ಇಟ್ಟರು, ಆಮೇಲೆ ತೊಳೆದು ರಕ್ತ ತೆಗೆದುಹಾಕಿದರು. ಕಾರ್ಟಿಲೇಜ್ ಚೇತರಿಸಿಕೊಳ್ಳಲಿಲ್ಲ. ತನ್ನನ್ನು ತಾನು ಕಟ್ಟಿಕೊಳ್ಳೋ ಕೆಲಸವನ್ನೇ ಅದರ ಕೋಶಗಳು ನಿಲ್ಲಿಸಿದ್ದವು, ಕೆಲವು ಸತ್ತಿದ್ದವು. ಯಾವ ಕಣದಿಂದ ಹೀಗಾಯ್ತು ಅಂತ ಹುಡುಕಿದಾಗ ಸಿಕ್ಕಿದ್ದು ಒಂದು ಜೋಡಿ: ಕೆಂಪು ರಕ್ತಕಣ ಮತ್ತು ಒಂದು ಬಗೆಯ ಬಿಳಿ ರಕ್ತಕಣ. ಕೆಂಪು ಕಣದ ಕಬ್ಬಿಣಾಂಶ ಒಂದು ಕಡೆ, ಉದ್ರೇಕಗೊಂಡ ಕೋಶಗಳು ಹೊರಹಾಕೋ ಹೈಡ್ರೋಜನ್ ಪೆರಾಕ್ಸೈಡ್ ಇನ್ನೊಂದು ಕಡೆ. ಎರಡೂ ಸೇರಿದ್ರೆ ಕಾರ್ಟಿಲೇಜ್ ಕೋಶಕ್ಕೆ ವಿಷ.

ಹಾಗಂತ ಪಿಆರ್‌ಪಿ ಮತ್ತು ರಕ್ತ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಪಿಆರ್‌ಪಿಯಲ್ಲಿ ಕೆಂಪು ಕಣದ ಬಹುಪಾಲನ್ನು ತೆಗೆದಿರ್ತಾರೆ. ಎಷ್ಟು ತೆಗೆದಿರ್ತಾರೆ ಅನ್ನೋದೇ ಇಲ್ಲಿ ಮುಖ್ಯ. ಟ್ಯೂಬ್ ತಿರುಗಿಸಿದಾಗ ಕೆಂಪು ಕಣ ತಳಕ್ಕೆ ಹೋಗುತ್ತೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತೆ, ಎರಡರ ನಡುವೆ ಹಾಲಿನ ಕೆನೆಯಂಥ ತೆಳು ಬಿಳಿ ಪದರ ಬರುತ್ತೆ. ಬಿಳಿ ಕಣಗಳಿರೋದು ಆ ಕೆನೆಯಲ್ಲಿ. ಪ್ಲೇಟ್‌ಲೆಟ್ ಹೆಚ್ಚು ದಟ್ಟವಾಗಿರೋದೂ ಅದರ ಅಕ್ಕಪಕ್ಕದಲ್ಲೇ. ಪ್ಲೇಟ್‌ಲೆಟ್ ಜಾಸ್ತಿ ಬೇಕು ಅಂತ ಸೂಜಿಯನ್ನು ಕೆನೆಯ ತನಕ ಇಳಿಸಿದ್ರೆ ಬಿಳಿ ಕಣವೂ ಬರುತ್ತೆ, ಸ್ವಲ್ಪ ಕೆಂಪು ಕಣವೂ ಬರುತ್ತೆ. ಮೇಲಿನ ತಿಳಿ ಮಾತ್ರ ತೆಗೆದ್ರೆ ಬಿಳಿ ಕಣ ಕಡಿಮೆ, ಪ್ಲೇಟ್‌ಲೆಟ್ಟೂ ಕಡಿಮೆ. ಎರಡಕ್ಕೂ ಹೆಸರು ಮಾತ್ರ ಒಂದೇ, ಪಿಆರ್‌ಪಿ. ಡೆಂಗಿ ಕಲಿಸಿದ "ಜಾಸ್ತಿ ಇದ್ದಷ್ಟೂ ಒಳ್ಳೇದು" ಲೆಕ್ಕ ಕೈಕೊಡೋದು ಇಲ್ಲೇ.

ಪ್ರಯೋಗಾಲಯದ ಈ ಎಚ್ಚರಿಕೆ ಹೊರಗಿನ ಜಗತ್ತಿಗೆ ಕೇಳಿಸೋ ಮೊದಲೇ ಟಿವಿಯಲ್ಲಿ ಇನ್ನೊಂದು ಸುದ್ದಿ ಬಂತು. 2009ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯ. ಪಿಟ್ಸ್‌ಬರ್ಗ್ ತಂಡದ ಹೈನ್ಸ್ ವಾರ್ಡ್‌ಗೆ ಹಿಂದಿನ ಪಂದ್ಯದಲ್ಲಿ ಮಂಡಿಯ ಲಿಗಮೆಂಟ್ ಉಳುಕಿತ್ತು. ಪಿಆರ್‌ಪಿ ತಗೊಂಡು ಫೈನಲ್ ಆಡಿದರು, ತಂಡ ಗೆದ್ದಿತು. ಮುಂದಿನ ವರ್ಷ ಗಾಲ್ಫ್‌ನ ಟೈಗರ್ ವುಡ್ಸ್ ತಾನೂ ಮಂಡಿಗೆ ಈ ಚಿಕಿತ್ಸೆ ತಗೊಂಡಿದ್ದೆ ಅಂದರು. ಸರಿ, ಇನ್ನೇನು ಬೇಕು? ವಾರ್ಡ್ ಆಡಿದ್ದು ಪಿಆರ್‌ಪಿಯಿಂದಲೋ, ವಿಶ್ರಾಂತಿಯಿಂದಲೋ, ಬಿಗಿಯಾಗಿ ಕಟ್ಟಿದ ಪಟ್ಟಿಯಿಂದಲೋ ಅಂತ ಯಾರು ಕೇಳ್ತಾರೆ? ಊರೂರಲ್ಲಿ ಕ್ಲಿನಿಕ್ಕುಗಳು ಎದ್ದವು. ಅಮೆರಿಕದಲ್ಲಿ ಪಿಆರ್‌ಪಿ ತಯಾರಿಸೋ ಕಿಟ್‌ಗಳಿಗೆ ಅನುಮತಿ ಸಿಕ್ಕಿದ್ದು ಮೂಳೆ ಕಸಿಯ ಜೊತೆ ಬೆರೆಸೋಕೆ. ಮಂಡಿಗೆ ಚುಚ್ಚೋದು ಆ ಅನುಮತಿಯ ಹೊರಗಿನ ಬಳಕೆಯಾಗಿತ್ತು, ಡಾಕ್ಟರ ವಿವೇಚನೆಗೆ ಬಿಟ್ಟದ್ದು.

ಈ ಗದ್ದಲದಲ್ಲಿ "ಚೆನ್ನಾಗಿರೋ ದೇಹಕ್ಕೆ ಇದು ಏನು ಮಾಡುತ್ತೆ" ಅನ್ನೋ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡದ್ದು ಡೋಪಿಂಗ್ ಪೊಲೀಸರು! ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದ್ರೆ ವಾಡಾ, 2010ರಲ್ಲಿ ಸ್ನಾಯುವಿಗೆ ಪಿಆರ್‌ಪಿ ಚುಚ್ಚಿಸಿಕೊಳ್ಳೋದನ್ನು ನಿಷೇಧಿಸಿತು. ಗ್ರೋತ್ ಫ್ಯಾಕ್ಟರ್ ಇದೆಯಲ್ಲ, ಆರೋಗ್ಯವಂತ ಸ್ನಾಯು ಊದಿ ಬಲ ಬಂದುಬಿಟ್ರೆ ಅನ್ನೋ ಅನುಮಾನ. ಒಂದೇ ವರ್ಷ, 2011ರಲ್ಲಿ ನಿಷೇಧ ವಾಪಸ್. ಚಿಕಿತ್ಸೆಯನ್ನು ಮೀರಿ ಆಟಗಾರನ ಸಾಮರ್ಥ್ಯ ಹೆಚ್ಚಿಸುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂದರು. ಪತ್ರಿಕೆಗಳು ಇದನ್ನು "ಪಿಆರ್‌ಪಿಗೆ ಗ್ರೀನ್ ಸಿಗ್ನಲ್" ಅನ್ನೋ ಧಾಟಿಯಲ್ಲಿ ಓದಿದವು. ನನಗೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತೆ: ಆರೋಗ್ಯವಂತನಿಗೆ ಇದರಿಂದ ಲಾಭ ಆಗುತ್ತೆ ಅಂತ ತೋರಿಸೋ ಏನೂ ಅವರ ಕೈಗೆ ಸಿಗಲಿಲ್ಲ.

ಹಾಗಾದ್ರೆ ನಷ್ಟ? ಈಗ ಮೊಲಗಳ ಸರದಿ. 2012ರಲ್ಲಿ ಅಮೆರಿಕದಲ್ಲಿ ಎರಡು ಪ್ರಬಂಧಗಳು ಬಂದವು. ಎರಡರಲ್ಲೂ ಗಾಯವೇ ಇಲ್ಲದ ಮೊಲಗಳು. ಒಂದು ತಂಡ ಆರೋಗ್ಯವಾಗಿದ್ದ ಮೃದು ಅಂಗಾಂಶಗಳಿಗೆ ಆ ಮೊಲದ್ದೇ ಪಿಆರ್‌ಪಿ ಹಾಕಿ ಕಾದು ನೋಡಿತು. ಚುಚ್ಚಿದ ಕಡೆ ಉರಿಯೂತ ಶುರುವಾಯ್ತು, ಅದರ ಹಿಂದೆಯೇ ಹೊಸ ಕೊಲಾಜೆನ್ ನಾರು ಸೇರಿಕೊಂಡಿತು. ಅಂದ್ರೆ ಗಾಯ ಇಲ್ಲದ ಕಡೆ ಗಾಯ ವಾಸಿಯಾಗೋ ನಾಟಕ ಪೂರ್ತಿ ನಡೆಯಿತು. ಇನ್ನೊಂದು ತಂಡ ಸ್ಟ್ಯಾನ್‌ಫರ್ಡ್‌ನ ಜೇಸನ್ ಡ್ರಾಗೂ ಅವರದು. ಅವರು ಮಂಡಿಚಿಪ್ಪಿನ ಕೆಳಗಿನ ಆರೋಗ್ಯವಾದ ಟೆಂಡನ್ನಿಗೆ ಎರಡು ಬಗೆಯ ಪಿಆರ್‌ಪಿ ಹೋಲಿಸಿದರು: ಬಿಳಿ ಕಣ ತುಂಬಿದ್ದು ಮತ್ತು ಕಡಿಮೆ ಇದ್ದದ್ದು. ಐದನೇ ದಿನ ನೋಡಿದಾಗ ಬಿಳಿ ಕಣ ತುಂಬಿದ್ದರಲ್ಲಿ ಉರಿಯೂತ ಸ್ಪಷ್ಟವಾಗಿ ಹೆಚ್ಚು. ಹದಿನಾಲ್ಕನೇ ದಿನಕ್ಕೆ ಎರಡರ ನಡುವಿನ ಅಂತರ ಇಳಿದಿತ್ತು. ಇದನ್ನೂ ಹೇಳಲೇಬೇಕು, ಇಲ್ಲದಿದ್ರೆ ನಾನೂ ಅರ್ಧ ಸತ್ಯದ ರೀಲ್ ಮಾಡಿದ ಹಾಗಾಗುತ್ತೆ.

ಎರಡು ವರ್ಷದ ನಂತರ ಅದೇ ಸ್ಟ್ಯಾನ್‌ಫರ್ಡ್ ಗುಂಪು ಮನುಷ್ಯರ ಸೈನೋವಿಯಲ್ ಕೋಶಗಳನ್ನು, ಅಂದ್ರೆ ಕೀಲಿನ ಒಳಪೊರೆಯ ಕೋಶಗಳನ್ನು, ನಾಲ್ಕು ದಿನ ಬೇರೆ ಬೇರೆ ದ್ರವಗಳ ಜೊತೆ ಇಟ್ಟಿತು. ಬಿಳಿ ಕಣ ತುಂಬಿದ ಪಿಆರ್‌ಪಿ ಮತ್ತು ಬರೀ ಕೆಂಪು ಕಣ, ಇವೆರಡರಲ್ಲೂ ಕೋಶಗಳು ಹೆಚ್ಚು ಸತ್ತವು, ಉರಿಯೂತದ ರಾಸಾಯನಿಕಗಳು ಏರಿದವು. ಉಟ್ರೆಕ್ಟ್‌ನವರು ಹಿಮೊಫಿಲಿಯಾ ಹಿಡಿದು ಹೊರಟವರು, ಇವರು ಆಟಗಾರರ ಚಿಕಿತ್ಸೆ ಹಿಡಿದು ಹೊರಟವರು. ಇಬ್ಬರೂ ಬಂದು ನಿಂತದ್ದು ಅದೇ ಕೆಂಪು-ಬಿಳಿ ಕಣಗಳ ಮುಂದೆ.

ಸರಿ, ಕೆಂಪು-ಬಿಳಿ ಎಲ್ಲಾ ತೆಗೆದು ಶುದ್ಧ ಪ್ಲೇಟ್‌ಲೆಟ್ ಮಾತ್ರ ಹಾಕಿದ್ರೆ ಆಯ್ತಲ್ಲ? ಅಲ್ಲೂ ಒಂದು ಹಳೆಯ ಪ್ರಯೋಗ ಅಡ್ಡ ಬರುತ್ತೆ. ನೆದರ್‌ಲ್ಯಾಂಡ್ಸ್‌ನದ್ದೇ ಇನ್ನೊಂದು ಊರು, ನೈಮೇಗನ್. ಅಲ್ಲಿನ ಸಂಶೋಧಕರು ಆರೋಗ್ಯವಂತ ಇಲಿಗಳ ಮಂಡಿಗೆ ಟಿಜಿಎಫ್-ಬೀಟಾ ಅನ್ನೋ ಒಂದೇ ಗ್ರೋತ್ ಫ್ಯಾಕ್ಟರನ್ನು ಮತ್ತೆ ಮತ್ತೆ ಚುಚ್ಚಿದರು. 1994ರಲ್ಲಿ ಬಂದ ಫಲಿತಾಂಶ ಎರಡು ಮುಖದ್ದು. ಕಾರ್ಟಿಲೇಜ್ ತನ್ನ ಸಾಮಗ್ರಿಯನ್ನು ಹೆಚ್ಚು ತಯಾರಿಸಿತು, ಇದು ಒಳ್ಳೆ ಸುದ್ದಿ. ಅದೇ ಮಂಡಿಯ ಅಂಚಿನಲ್ಲಿ ಹೊಸ ಮೂಳೆ ಮುಳ್ಳುಗಳು, ಅಂದ್ರೆ ಆಸ್ಟಿಯೊಫೈಟ್‌ಗಳು ಬೆಳೆದವು. ಅಜ್ಜಿಯ ಎಕ್ಸ್‌ರೇ ನೋಡಿ ಡಾಕ್ಟರು "ಮೂಳೆ ಬೆಳೆದಿದೆ" ಅಂತಾರಲ್ಲ, ಅದೇ. 2000ದಲ್ಲಿ ಅದೇ ಗುಂಪು, ಇಂಥ ಚುಚ್ಚುಮದ್ದಿನಿಂದ ಇಲಿಯ ಮಂಡಿಯಲ್ಲಿ ಸವೆತದ ಕಾಯಿಲೆಯನ್ನೇ ಹೋಲೋ ಬದಲಾವಣೆಗಳಾದವು ಅಂತ ಬರೆಯಿತು. ಚೆನ್ನಾಗಿದ್ದ ಮಂಡಿಗೆ!

ಇಲಿ ಮನುಷ್ಯ ಅಲ್ಲ. ಶುದ್ಧ ಟಿಜಿಎಫ್-ಬೀಟಾವನ್ನು ಪದೇ ಪದೇ ಹಾಕೋದೂ, ಹತ್ತಾರು ಪ್ರೋಟೀನು ಬೆರೆತ ಪಿಆರ್‌ಪಿ ಒಂದೆರಡು ಸಲ ಹಾಕೋದೂ ಒಂದೇ ಅಲ್ಲ. ಪಿಆರ್‌ಪಿ ಪರವಾಗಿಯೂ ಪ್ರಯೋಗಗಳಿವೆ. 2006ರಲ್ಲಿ ಹಂದಿಯ ಕಾರ್ಟಿಲೇಜ್ ಕೋಶಗಳಿಗೆ ಪಿಆರ್‌ಪಿ ಕೊಟ್ಟಾಗ ಅವು ಹೆಚ್ಚಾದವು, ತಮ್ಮ ಸುತ್ತಲ ಸಾಮಗ್ರಿಯನ್ನೂ ಹೆಚ್ಚು ಕಟ್ಟಿದವು. ಇನ್ನೊಂದು ವಿಷಯ, ಆರೋಗ್ಯವಾದ ಕಾರ್ಟಿಲೇಜಿಗೆ ಸ್ವಲ್ಪ ಟಿಜಿಎಫ್-ಬೀಟಾ ದಿನವೂ ಬೇಕು, ಅದಿಲ್ಲದೆ ಅದು ಬಾಳಲ್ಲ. ಅಡುಗೆಗೆ ಉಪ್ಪು ಬೇಕು ಅಂದ ಮಾತ್ರಕ್ಕೆ ಹಿಡಿಗಟ್ಟಲೆ ಸುರೀತೀವಾ?

ಈಗ ಮನುಷ್ಯರಿಗೆ ಬರೋಣ. ಚಂಡೀಗಢದ ಪಿಜಿಐನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಜಗತ್ತಿನಾದ್ಯಂತ ಹೆಸರಾಯ್ತು. ಮಂಡಿ ಸವೆತದ 78 ಜನ. ಕೆಲವರಿಗೆ ಒಂದು ಪಿಆರ್‌ಪಿ, ಕೆಲವರಿಗೆ ಎರಡು, ಉಳಿದವರಿಗೆ ಬರೀ ಸಲೈನ್. ಬಿಳಿ ಕಣವನ್ನು ಸೋಸಿ ತೆಗೆದ ಪಿಆರ್‌ಪಿ ಅದು. ಆರು ತಿಂಗಳಲ್ಲಿ ಪಿಆರ್‌ಪಿ ತಗೊಂಡವರು ಸಲೈನಿನವರಿಗಿಂತ ಚೆನ್ನಾಗಿದ್ದರು. ಲಾಭ ಕೊನೆಯ ಹೊತ್ತಿಗೆ ಸ್ವಲ್ಪ ಇಳಿಮುಖವಾಗಿತ್ತು. ಹಿಂದಿನ ವರ್ಷ ಇಟಲಿಯ ಬೊಲೊನ್ಯಾದವರು 144 ಜನರಲ್ಲಿ ಎರಡು ಬಗೆಯ ಪಿಆರ್‌ಪಿ ಹೋಲಿಸಿದ್ದರು. ನೋವು ಕಡಿಮೆಯಾಗೋದರಲ್ಲಿ ಎರಡೂ ಸಮ. ಚುಚ್ಚಿದ ಮೇಲಿನ ಊತ ಮತ್ತು ನೋವು ಮಾತ್ರ ಬಿಳಿ ಕಣ ಇದ್ದದ್ದರಲ್ಲಿ ಜಾಸ್ತಿ. ಮೊಲ ಹೇಳಿದ್ದನ್ನು ಮನುಷ್ಯರ ಮಂಡಿಯೂ ಒಪ್ಪಿಕೊಂಡ ಹಾಗೆ.

ಆಮೇಲೆ 2021. ಆಸ್ಟ್ರೇಲಿಯಾದಲ್ಲಿ ಕಿಮ್ ಬೆನೆಲ್ ನೇತೃತ್ವದ ತಂಡ, ಐವತ್ತು ದಾಟಿದ, ಮಂಡಿ ಸವೆತ ಇದ್ದ 288 ಜನರಿಗೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಕೊಟ್ಟಿತು. ಅರ್ಧ ಜನಕ್ಕೆ ಬಿಳಿ ಕಣ ಕಡಿಮೆ ಇರೋ ಪಿಆರ್‌ಪಿ, ಅರ್ಧ ಜನಕ್ಕೆ ಸಲೈನ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ಒಂದು ವರ್ಷ ಬಿಟ್ಟು ನೋಡಿದ್ರೆ, ಸೊನ್ನೆಯಿಂದ ಹತ್ತರ ನೋವಿನ ಅಳತೆಯಲ್ಲಿ ಪಿಆರ್‌ಪಿ ಗುಂಪಿನ ನೋವು 2.1 ಇಳಿದಿತ್ತು, ಸಲೈನ್ ಗುಂಪಿನದು 1.8. ಎಂಆರ್‌ಐನಲ್ಲಿ ಕಾರ್ಟಿಲೇಜ್ ಅಳೆದರು. ಪಿಆರ್‌ಪಿ ಗುಂಪಿನಲ್ಲಿ 1.4 ಶೇಕಡ ಕಡಿಮೆಯಾಗಿತ್ತು, ಸಲೈನ್‌ನಲ್ಲಿ 1.2. ಎರಡರಲ್ಲೂ ಗಣನೀಯ ವ್ಯತ್ಯಾಸ ಇಲ್ಲ. ಅಂದ್ರೆ ಕಾರ್ಟಿಲೇಜನ್ನು ಇದು ಬೆಳೆಸಲಿಲ್ಲ, ತಿಂದುಹಾಕಲೂ ಇಲ್ಲ. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿ ಪಾದದ ಕೀಲು ಸವೆದ 100 ಜನರಲ್ಲೂ ಇಂಥದ್ದೇ ಉತ್ತರ ಬಂತು.

ಈ ಪಟ್ಟಿಯಲ್ಲಿರೋ ಎಲ್ಲಾ ಮನುಷ್ಯರೂ ರೋಗಿಗಳು ಅನ್ನೋದನ್ನು ನೋಡಿ. ಅವರ ಕೀಲು ಆಗಲೇ ಸವೆದಿತ್ತು, ಉರಿಯೂತ ಇತ್ತು. ಮಂಡಿ ಸವೆದವನು ಸ್ವಲ್ಪ ಅಪಾಯ ಒಪ್ಪಿಕೊಳ್ಳೋಕೆ ಕಾರಣ ಇದೆ, ಅವನಿಗೆ ನೋವಿದೆ. ಚೆನ್ನಾಗಿರೋ ಮಂಡಿಗೆ "ಮುಂದೆ ಸವೆಯದಿರಲಿ" ಅಂತ ಹಾಕಿಸಿಕೊಳ್ಳುವವನ ಕಡೆಗೆ ಈ ಸಂಖ್ಯೆಗಳು ಯಾವುವೂ ಮಾತಾಡಲ್ಲ. ಅವನ ಪರವಾಗಿ ಮಾತಾಡೋದು ಮೊಲ ಮತ್ತು ಇಲಿ. ಅವು ಹೇಳಿದ್ದು ಕೇಳಿಸಿಕೊಂಡಿರಲ್ಲ.

ಕೀಲಿನ ಇಂಜೆಕ್ಷನ್‌ಗಳ ಇತಿಹಾಸದಲ್ಲಿ ಈ ಪ್ರಶ್ನೆ ತಡವಾಗಿ ಬಂದದ್ದು ಇದೇ ಮೊದಲಲ್ಲ. 1951ರಲ್ಲಿ ಜೋಸೆಫ್ ಹಾಲಂಡರ್ ಕೀಲಿಗೆ ಸ್ಟಿರಾಯ್ಡ್ ಹಾಕಿದ ವರದಿ ಬಂದಾಗ ಜಗತ್ತೇ ಕುಣಿಯಿತು. ಪದೇ ಪದೇ ಹಾಕಿದ್ರೆ ಕಾರ್ಟಿಲೇಜ್ ಹೆಚ್ಚು ತೆಳುವಾಗುತ್ತೆ ಅಂತ ಎರಡು ವರ್ಷ ಎಂಆರ್‌ಐ ಮಾಡಿ ತೋರಿಸಿದ ಅಧ್ಯಯನ ಪ್ರಕಟವಾಗಿದ್ದು 2017ರಲ್ಲಿ. ಅರವತ್ತಾರು ವರ್ಷ! ಭುಜದ ಆಪರೇಷನ್ ಆದ ಮೇಲೆ ನೋವಿಗೆ ಅಂತ ಕೀಲಿನೊಳಗೆ ಮರಗಟ್ಟಿಸೋ ಔಷಧಿಯನ್ನು ಪಂಪಿನಿಂದ ದಿನಗಟ್ಟಲೆ ಹನಿಸ್ತಿದ್ರು. ಚೆನ್ನಾಗಿದ್ದ ಕಾರ್ಟಿಲೇಜ್ ಕರಗಿಹೋದ ಯುವಕರ ಪ್ರಕರಣಗಳು ಸಾಲುಸಾಲಾಗಿ ಬಂದ ಮೇಲೆ 2009ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು.

ಪಿಆರ್‌ಪಿ ಅಷ್ಟು ಕ್ರೂರಿ ಅಂತ ಎಲ್ಲೂ ಸಾಬೀತಾಗಿಲ್ಲ, ನಾನೂ ಹಾಗೆ ಹೇಳ್ತಿಲ್ಲ. ಮಂಡಿ ಸವೆತದಿಂದ ನೋವು ತಿನ್ನುವವರು, ವ್ಯಾಯಾಮ, ತೂಕ ಇಳಿಸೋದು ಎಲ್ಲಾ ಮಾಡಿದ ಮೇಲೂ ಆರಾಮ ಸಿಗದವರು, ತಮ್ಮ ಡಾಕ್ಟರ ಜೊತೆ ಕೂತು ಇದರ ಬಗ್ಗೆ ಯೋಚಿಸಿದ್ರೆ ಅದು ಅರ್ಥವಾಗೋ ಮಾತು. ಇಪ್ಪತ್ತೈದರ ಕಟಕಟ ಮಂಡಿಯ ವಿಷಯ ಬೇರೆ. ನೋವಿಲ್ಲದ, ಊತವಿಲ್ಲದ ಕಟಕಟ ಸದ್ದು ಸಾಮಾನ್ಯವಾಗಿ ರೋಗವೇ ಅಲ್ಲ.

ಇನ್ನೊಂದು ತೊಡಕು ಇದೆ, ಅದನ್ನು ಹೇಳಿ ಮುಗಿಸ್ತೀನಿ. ಪ್ಯಾರಾಸಿಟಮಾಲ್ ಸ್ಟ್ರಿಪ್ ಮೇಲೆ 500 ಎಂಜಿ ಅಂತ ಅಚ್ಚಾಗಿರುತ್ತೆ. ನಿಮ್ಮ ರಕ್ತದಿಂದ ಅಲ್ಲೇ ತಯಾರಾಗೋ ದ್ರವಕ್ಕೆ ಅಂಥ ಸ್ಟ್ರಿಪ್ ಇಲ್ಲ. ನಿಮ್ಮ ಕೌಂಟ್ ಎಷ್ಟು, ಯಂತ್ರ ಯಾವುದು, ಎಷ್ಟು ಸಲ ತಿರುಗಿತು, ಸೂಜಿ ಕೆನೆಯ ತನಕ ಇಳಿಯಿತಾ, ಎಲ್ಲದರ ಮೇಲೂ ಸಿರಿಂಜಿನೊಳಗಿನದ್ದು ಬದಲಾಗುತ್ತೆ. ಕ್ಲಿನಿಕ್ಕಿನ ಮಾತು ಹಾಗಿರಲಿ, ಸಂಶೋಧಕರೇ ಎಷ್ಟು ಬರೆದಿಡ್ತಾರೆ ಅಂತ 2017ರಲ್ಲಿ ಒಂದು ತಂಡ ಲೆಕ್ಕ ಹಾಕಿತು. ಮೂಳೆ-ಕೀಲಿನ ಪಿಆರ್‌ಪಿ ಬಗ್ಗೆ ಮನುಷ್ಯರ ಮೇಲೆ ನಡೆದ 105 ಅಧ್ಯಯನಗಳನ್ನು ತೆರೆದು ನೋಡಿದರು. ಬೇರೆಯವರು ಅದನ್ನೇ ಮತ್ತೆ ಮಾಡೋಕಾಗುವಷ್ಟು ತಯಾರಿಕೆಯ ವಿವರ ಇದ್ದದ್ದು ಶೇಕಡ 10ರಲ್ಲಿ. ಕೊನೆಗೆ ಚುಚ್ಚಿದ ದ್ರವದಲ್ಲಿ ಏನೆಷ್ಟಿತ್ತು ಅಂತ ಅಂಕಿ ಕೊಟ್ಟದ್ದು ಶೇಕಡ 16ರಲ್ಲಿ.

ಹಾಗಾಗಿ ಯಾರಾದ್ರೂ ನಿಮಗೆ ಪಿಆರ್‌ಪಿ ಅಂದ್ರೆ ಕೇಳಬೇಕಾದ್ದು ಮೂರೇ ಮಾತು. ನನ್ನ ಮಂಡಿಯಲ್ಲಿ ಯಾವ ಗಾಯ ಇದೆ ಅಂತ ಇದು? ಇದರಲ್ಲಿ ಬಿಳಿ ಕಣ, ಕೆಂಪು ಕಣ ಎಷ್ಟಿರುತ್ತೆ? ಪ್ಲೇಟ್‌ಲೆಟ್ ಎಣಿಸಿ ಬರೆದುಕೊಡ್ತೀರಾ? ಮೊದಲನೇ ಪ್ರಶ್ನೆಗೆ "ಗಾಯ ಏನಿಲ್ಲ, ಮುಂಜಾಗ್ರತೆಗೆ" ಅನ್ನೋ ಉತ್ತರ ಬಂದ್ರೆ, ಉಳಿದ ಎರಡನ್ನು ಕೇಳದೇ ಎದ್ದು ಬರಬಹುದು.